ಹಾರ್ಡ್‌ಡಿಸ್ಕಿನ ಕಲ್ಲು, ಮೊಮ್ಮಗಳ ಕೌದಿ

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ತಂಬ್ರಹಳ್ಳಿ ಕಡೆಯ ರೈತರೊಬ್ಬರ ಕುಂಟೆಗೆ ನೆಲ ಕೆರೆಯುವ ಕುಡ ಬೆಸೆಯುತ್ತಿದ್ದೆ. ಫೋನಿನಲ್ಲಿ ಹೆಂಡತಿ ಅಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು, ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದಾಗ ಅದು ಸಂತೋಷದ ಅಳು ಎಂದು ತಿಳಿಯಿತು. ಆಮೇಲೆ ನಾನು ಏನು ಮಾಡಿದೆನೋ ನನಗೇ ಗೊತ್ತಿಲ್ಲ. ಮರುದಿನ ಆ ರೈತರು ಕುಂಟೆ ಹೊತ್ತುಕೊಂಡು ವಾಪಸು ಬಂದರು. ಕುಡವನ್ನು ತಿರುಗಾಮುರುಗಾ ಬೆಸೆದು ಕೊಟ್ಟಿದ್ದೆ.

“ಇದು ನೆಲ ಕೆರೀತೈತೋ, ಮುಗಿಲು ಕೆರೀತೈತೋ?” ಎಂದು ಕೇಳಿದರು.

ಮೊಮ್ಮಗಳು ಹುಟ್ಟ್ಯಾಳ ಅಂದೆ. ಅವರು ಕುಂಟೆಯನ್ನು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತು, ಹಾಗಾದರೆ ಮೊದಲು ಪೇಡೆ ತರಿಸು, ಕುಂಟೆ ನಿಧಾನಕ್ಕೆ ಆಗಲಿ ಅಂದರು.

ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಒಂದು ಮೂಲೆಯಲ್ಲಿ ಅಪ್ಪನ ಕಾಲದ ಕುಲುಮೆ ಇನ್ನೂ ಇದೆ, ಇನ್ನೊಂದು ಮೂಲೆಯಲ್ಲಿ ವೆಲ್ಡಿಂಗ್ ಮಷೀನು, ಗ್ರೈಂಡರ್. ಶೆಡ್ಡಿನ ಹಿಂದೆಯೇ ಮನೆ. ಶಾಲೆಯಲ್ಲಿ ಮೂರನೇ ಕ್ಲಾಸು ದಾಟುವ ಮುಂಚೆಯೇ ಅಪ್ಪ ನನ್ನ ಕೈಗೆ ಸುತ್ತಿಗೆ ಕೊಟ್ಟಿದ್ದ. ಕಬ್ಬಿಣದ ಜೊತೆ ಬೆಳೆದವನು ನಾನು. ಅದರಿಂದ ನನಗೆ ಯಾವತ್ತೂ ತೊಂದರೆ ಆಗಿರಲಿಲ್ಲ, ಕೂಸು ಮನೆಗೆ ಬರುವ ತನಕ.

ಮಗಳು ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಳು. ಆಸ್ಪತ್ರೆಯಿಂದ ಬಂದ ದಿನ ನಾನು ಕೈ ತೊಳೆದುಕೊಂಡು, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಕೂಸನ್ನು ಎತ್ತಿಕೊಂಡೆ. ಆ ಉಗುರುಗಳು ಒಂದೊಂದೂ ನವಣೆ ಕಾಳಿನಷ್ಟು. ನನ್ನ ತೋಳಿನಲ್ಲಿ ಅವಳು ಒಂದು ಸಲ ಸೀನಿದಳು, ಅಷ್ಟು ಸಣ್ಣ ಮೂಗಿನಿಂದ ಅಷ್ಟು ದೊಡ್ಡ ಸೀನು ಹೇಗೆ ಬಂತೋ. ನಾನು ನಗುತ್ತಲೇ ಇದ್ದೆ. ವಾಪಸು ಕೊಟ್ಟ ಮೇಲೆ ಹೆಂಡತಿ ಕೂಸಿನ ಕೆನ್ನೆಯ ಮೇಲೆ ಕೆಂಪು ಚುಕ್ಕೆ ಕಂಡಳು. ಬೆಳಕಿಗೆ ಹಿಡಿದು ನೋಡಿದರೆ ಕೂದಲಿಗಿಂತ ಸಣ್ಣ ಕಬ್ಬಿಣದ ಸಿಬುರು. ನನ್ನ ಅಂಗಿಯ ತೋಳಿನಿಂದ ಚುಚ್ಚಿಕೊಂಡಿತ್ತು. ಗ್ರೈಂಡರ್ ತಿರುಗುವಾಗ ಹಾರುವ ಪುಡಿ ಅದು. ನನ್ನ ಅಂಗಿಯ ಹೊಲಿಗೆಯಲ್ಲಿ, ಕೈಕೂದಲಿನಲ್ಲಿ, ಕಿವಿಯ ಹಿಂದೆ, ಎಲ್ಲೆಲ್ಲೂ ಇರುತ್ತದೆ.

“ನಿಮ್ಮ ಮೈಯಾಗ ಅರ್ಧ ಕಬ್ಬಿಣ ಐತ್ರಿ,” ಅಂದಳು ಹೆಂಡತಿ. “ಕೂಸು ದೊಡ್ಡದಾಗೋ ತನ ದೂರ ನಿಂತು ನೋಡ್ರಿ.”

ಅಲ್ಲಿಂದ ನನಗೆ ಹೊಸ್ತಿಲೇ ಗತಿಯಾಯಿತು. ಸೋಪು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ಸ್ನಾನ ಮಾಡಿ ಬಂದರೂ ಟವೆಲ್ಲಿನಲ್ಲಿ ಒಂದಾದರೂ ಸಿಬುರು ಸಿಕ್ಕೇ ಸಿಗುತ್ತಿತ್ತು. ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸುತ್ತಿದ್ದಳು, ನಾನು ಸುಮ್ಮನೆ ಹಿಂದಕ್ಕೆ ಸರಿಯುತ್ತಿದ್ದೆ. ಒಳಗೆ ಕೂಸು ಅತ್ತರೆ ಹೊಸ್ತಿಲಲ್ಲಿ ನಿಂತು ಚಪ್ಪಾಳೆ ತಟ್ಟುವುದು, ಕಾಗೆ ಕೂಗಿದಂತೆ ಕೂಗುವುದು, ಅಷ್ಟೇ ನನ್ನ ಪಾಲು. ಇನ್ನೂ ಕಣ್ಣು ನೆಟ್ಟಗೆ ನಿಲ್ಲದ ಕೂಸಿಗೆ ಕಾಗೆ ಕಟ್ಟಿಕೊಂಡು ಏನಾಗಬೇಕು. ಮಗಳು ಮಾತ್ರ ಒಳಗಿಂದ ನಗುತ್ತಿದ್ದಳು.

ಹರಪನಹಳ್ಳಿಯ ಲೇತ್ ಅಂಗಡಿಯೊಂದರಲ್ಲಿ ಹಿಂದೊಮ್ಮೆ ಒಂದು ವಸ್ತು ನೋಡಿದ್ದೆ. ಗ್ರೈಂಡರಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಿಲ್ಲೆಯೊಂದನ್ನು ಕಟ್ಟಿದ್ದರು. ಹಾರುವ ಪುಡಿಯೆಲ್ಲ ಅದಕ್ಕೆ ಹೋಗಿ ಕರಡಿಯ ಕೂದಲಿನಂತೆ ಅಂಟಿಕೊಳ್ಳುತ್ತಿತ್ತು. ಕವರಿನೊಳಗಿಂದ ಬಿಲ್ಲೆಯನ್ನು ಎಳೆದರೆ ಪುಡಿಯೆಲ್ಲ ದೊಪ್ಪನೆ ಕೆಳಗೆ. ಕೇಳಿದಾಗ, ಇದು ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನೊಳಗೆ ಇರುವ ಸೂಜಿಗಲ್ಲು, ಸ್ಪೀಕರಿನದಕ್ಕಿಂತ ನೂರು ಪಾಲು ಬಿರುಸು ಅಂದಿದ್ದರು. ಈಗ ಅದು ನೆನಪಾಯಿತು. ಪುಡಿಯನ್ನು ಅದು ಹಿಡಿದರೆ ನಾನು ಕೂಸನ್ನು ಹಿಡಿಯಬಹುದು. ಹಗರಿಬೊಮ್ಮನಹಳ್ಳಿಯ ಗುಜರಿ ಅಂಗಡಿಗೆ ಹೋಗಿ ಒಂದು ಹಾರ್ಡ್‌ಡಿಸ್ಕ್ ತಂದೆ. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ, ಕೈಗೆ ಭಾರ. ಅದರ ಸ್ಕ್ರೂಗಳ ತಲೆ ನಕ್ಷತ್ರದಂತೆ ಆರು ಮೂಲೆ. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ನನ್ನಲ್ಲಿ ಇರಲಿಲ್ಲ. ನಾಳೆ ನೋಡೋಣ, ನಾಡಿದ್ದು ನೋಡೋಣ ಅನ್ನುತ್ತ ಅದು ಬೆಂಚಿನ ಕೆಳಗಿನ ಚೀಲದಲ್ಲೇ ಉಳಿಯಿತು.

ಆ ಹೊತ್ತಿಗೆ ನನ್ನ ಹೆಂಡತಿ ಕೂಸಿಗೆ ಕೌದಿ ಹೊಲಿಯುತ್ತಿದ್ದಳು.

ನಮ್ಮಲ್ಲಿ ಮಗಳ ಚೊಚ್ಚಿಲ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅಜ್ಜಿ ಹೊಲಿದ ಕೌದಿಯ ಮೇಲೆ ಮಲಗಿಸಬೇಕು. ಆಮೇಲೆ ಅದೇ ಕೌದಿ ಕೂಸಿನ ಜೊತೆ ಅಪ್ಪನ ಮನೆಗೆ ಹೋಗುತ್ತದೆ. ನಮ್ಮ ಬೀಗರು ತೆಲಿಗಿಯವರು. ಅವರು ಬಂದು ಕೌದಿಯನ್ನು ಬಿಡಿಸಿ, ತಿರುವಿ, ಹೊಲಿಗೆ ನೋಡಿ, ಯಾವ ತೇಪೆ ಯಾರ ಸೀರೆಯದು ಎಂದು ಕೇಳುತ್ತಾರೆ. ಹೆಂಡತಿ ಎಲ್ಲವನ್ನೂ ಕೂಡಿಟ್ಟಿದ್ದಳು. ತನ್ನ ಮದುವೆಯ ಸೀರೆಯ ಸೆರಗು, ಮಗಳು ಶಾಲೆಗೆ ಹಾಕಿಕೊಂಡು ಹೋದ ಲಂಗ, ಹೊಳೆದಂಡೆಯ ಮಾಗಳದ ತನ್ನ ತವರಿನಿಂದ ತಾಯಿಯ ಒಂದು ಹಸಿರು ಇಳಕಲ್ಲಿನ ತುಂಡು. ಒಳಗೆ ತುಂಬುವುದಕ್ಕೆ ನನ್ನ ಅವ್ವ ಹೊಲಿದಿದ್ದ ಹಳೆಯ ಕೌದಿ. ಅದರ ಮೇಲೆ ನನ್ನ ಮಗಳು ಬೆಳೆದದ್ದು. ಅದನ್ನು ಬಿಚ್ಚದೆ ಇಡಿಯಾಗಿ ನಡುವೆ ಹಾಸಿ ಮೇಲೆ ಕೆಳಗೆ ಹೊಸ ತೇಪೆ ಕೂಡಿಸಿದ್ದಳು.

ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅದಕ್ಕೆ ಉಣ್ಣಿಸಬೇಕು. ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ, ಅಷ್ಟು ಒಳಗಿಟ್ಟು ಮೂಲೆಗೆ ಸಣ್ಣ ತೇಪೆ ಹಾಕಿ ಬಾಯಿ ಹೊಲಿಯುತ್ತಾರೆ. ಹಸಿದ ಕೌದಿ ಮಲಗಿದವರ ನಿದ್ದೆ ತಿನ್ನುತ್ತದಂತೆ. ಹಾಗೆ ಉಂಡ ಕೌದಿಯ ಹೊಲಿಗೆಯನ್ನು ಮತ್ತೆ ಬಿಚ್ಚಬಾರದು. ಬಿಚ್ಚಿದರೆ ಹೊಟ್ಟೆ ಬಗೆದಂತೆ. ಇದನ್ನು ನನ್ನ ಅವ್ವ ನನ್ನ ಹೆಂಡತಿಗೆ ಹೇಳಿಕೊಟ್ಟಿದ್ದಳು, ಅವಳು ಅದನ್ನು ನನ್ನ ಮಗಳಿಗೆ ಹೇಳುತ್ತಿದ್ದಳು. ಮಗಳು ಫೋನು ನೋಡುತ್ತ ಹೂಂ ಅನ್ನುತ್ತಿದ್ದಳು.

ಕೌದಿಗೆ ಉಣ್ಣಿಸಿ ಬಾಯಿ ಹೊಲಿದ ದಿನ ಮನೆಯಲ್ಲಿ ಪಾಯಸ. ನಾನು ಹೊಸ್ತಿಲಲ್ಲಿ ಕುಳಿತು ಬಟ್ಟಲು ನೆಕ್ಕುತ್ತಿದ್ದಾಗ ಹೆಂಡತಿ ಸೂಜಿಡಬ್ಬಿ ಮುಚ್ಚಲು ಹೋಗಿ ನಿಂತುಬಿಟ್ಟಳು. ದಬ್ಬಣ ಇತ್ತು, ದಪ್ಪ ಸೂಜಿ ಇತ್ತು. ಸಣ್ಣ ಸೂಜಿ ಇರಲಿಲ್ಲ. ಸೆರಗು ಕೊಡವಿದಳು, ಚಾಪೆ ಕೊಡವಿದಳು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಆಮೇಲೆ ನೆನಪಾಗಿ ಮೆಲ್ಲನೆ ಕುಳಿತಳು. ಹೊಲಿಯುವ ನಡುವೆ ಕೂಸು ಅತ್ತಾಗ ಅವಸರಕ್ಕೆ ಸೂಜಿಯನ್ನು ಕೌದಿಯ ಪದರಿನೊಳಗೆ ಚುಚ್ಚಿ ಎದ್ದು ಹೋಗಿದ್ದಳು. ವಾಪಸು ಬಂದು ಕುಳಿತಾಗ ದಪ್ಪ ಸೂಜಿ ಕೈಗೆ ಸಿಕ್ಕಿತು, ಅದರಲ್ಲೇ ಹೊಲಿದು ಮುಗಿಸಿದಳು. ಸಣ್ಣದು ಒಳಗೇ ಉಳಿಯಿತು.

ಕೌದಿ ಉಂಡಾಗಿತ್ತು.

ನಾವು ಎಲ್ಲ ಮಾಡಿ ನೋಡಿದೆವು. ಹೆಂಡತಿ ಅಂಗೈಯಿಂದ ಗೇಣು ಗೇಣು ಒತ್ತಿದಳು. ಆರೇಳು ಪದರದ ಬಟ್ಟೆ, ಅದರ ಮೇಲೆ ಸಾಲು ಸಾಲು ಹೊಲಿಗೆ, ಎಲ್ಲಿ ಒತ್ತಿದರೂ ಗಂಟೇ ಸೂಜಿಯಂತೆ ತೋರುತ್ತಿತ್ತು. ಬಿಸಿಲಿಗೆ ಹಿಡಿದರೆ ಬೆಳಕು ಆಚೆ ಬರಲಿಲ್ಲ. ಕೊನೆಗೆ ನಾನು ಅಂಗಿ ಬಿಚ್ಚಿ ಬರಿ ಮೈಯಲ್ಲಿ ಕೌದಿಯ ಮೇಲೆ ಉರುಳಿದೆ, ಚುಚ್ಚಿದರೆ ನನಗೇ ಚುಚ್ಚಲಿ ಎಂದು. ಪಕ್ಕದ ಮನೆಯವರು ಹಿತ್ತಲಿನಿಂದ ಇಣುಕಿ ನೋಡಿ, ಅಜ್ಜಗೆ ಮೊಮ್ಮಗಳ ಖುಷಿ ತಲೆಗೇರಿದೆ ಅಂದರಂತೆ. ನನ್ನ ಬೆನ್ನಿನ ಚರ್ಮ ಕಿಡಿ ಬಿದ್ದು ಬಿದ್ದು ಎತ್ತಿನ ಚರ್ಮ ಆಗಿದೆ. ಅದಕ್ಕೆ ಏನೂ ಚುಚ್ಚಲಿಲ್ಲ. ಚುಚ್ಚಲಿಲ್ಲ ಎಂದು ಹೆಂಡತಿಗೆ ಸಮಾಧಾನವೂ ಆಗಲಿಲ್ಲ.

ಮಗಳು ಬಿಚ್ಚಿ ಹೊಲಿದರಾಯಿತು ಅಂದಳು. ಅಂಗಡಿಯಲ್ಲಿ ಮಕ್ಕಳ ರಗ್ಗು ಮೆತ್ತಗಿರುತ್ತವೆ, ಒಂದು ತರೋಣ ಅಂದಳು. ಹೆಂಡತಿ ನನ್ನ ಕಡೆ ತಿರುಗಿದಳು.

“ನಿಮ್ಮವ್ವ ಮ್ಯಾಲಿಂದ ನೋಡಿ ನಗತಿರಬೇಕು. ಇನ್ನೊಂದು ಸೂಜಿ ಮಾಗಳಕ್ಕ ಹೋತು ಅಂತಾಳ.”

ಈ ಮಾತು ಹಳೆಯದು. ನಮ್ಮ ಮಗಳು ಹುಟ್ಟಿದಾಗ ನನ್ನ ಅವ್ವ ಆ ಹಳೆಯ ಕೌದಿ ಹೊಲಿಯುತ್ತಿದ್ದಳು. ಆಗ ಅವಳ ಒಳ್ಳೆಯ ಸೂಜಿಯೊಂದು ಕಾಣೆಯಾಯಿತು. ಹೆಂಡತಿ ಅದೇ ವಾರ ತವರಿಗೆ ಹೋಗಿ ಬಂದಿದ್ದಳು. ಅವ್ವ ನೇರವಾಗಿ ಕಳ್ಳಿ ಅನ್ನಲಿಲ್ಲ. ಆದರೆ ಯಾರಾದರೂ ಬಂದು ಸೂಜಿ ಕೇಳಿದರೆ, “ನಂದು ಹೊಳಿದಂಡಿಗೆ ತವರು ಮಾಡೇತಿ” ಅನ್ನುವಳು. ಸಾಯುವ ತನಕ ಅಂದಳು, ನಗುತ್ತಲೇ ಅಂದಳು. ಹೆಂಡತಿಯೂ ನಗುತ್ತಲೇ ಕೇಳಿಸಿಕೊಂಡಳು. ಆ ನಗೆಯಲ್ಲಿ ಎಷ್ಟು ನೋವಿತ್ತು ಎಂಬುದು ನನಗೆ ಆ ದಿನ ತಿಳಿಯಿತು.

ತೊಟ್ಟಿಲ ದಿನ ಹತ್ತಿರ ಬರುತ್ತಿತ್ತು. ಹೆಂಡತಿ ಕೌದಿಯನ್ನು ಮಡಚಿ ಅಟ್ಟದ ಮೇಲಿಟ್ಟಳು. ಕೂಸಿಗೆ ಎಣ್ಣೆ ತಿಕ್ಕುವಾಗ ಹಾಡುತ್ತಿದ್ದವಳು ಹಾಡು ಬಿಟ್ಟಳು. ನಾನು ಏನು ಮಾಡಲಿ. ಟ್ರ್ಯಾಕ್ಟರಿನ ಮುರಿದ ಆಕ್ಸಲ್ ಕೂಡಿಸಬಲ್ಲೆ. ಒಂದು ಸಣ್ಣ ಸೂಜಿ ನನ್ನ ಮನೆಯೊಳಗೇ, ನನ್ನ ಕಣ್ಣೆದುರಿಗೇ ಇದ್ದು ನನ್ನನ್ನು ಸೋಲಿಸಿತು.

ಶೆಡ್ಡಿನಲ್ಲಿ ಹಳೆಯ ರೇಡಿಯೋ ಸ್ಪೀಕರಿನ ಸೂಜಿಗಲ್ಲು ಇತ್ತು. ಅದನ್ನು ತಂದು ಕೌದಿಯ ಮೇಲೆ ಆಡಿಸಿದೆ. ಬಟ್ಟೆಯ ದಪ್ಪಕ್ಕೆ ಅದರ ಶಕ್ತಿ ಸಾಲಲಿಲ್ಲ. ಆಗ ಬೆಂಚಿನ ಕೆಳಗಿನ ಹಾರ್ಡ್‌ಡಿಸ್ಕ್ ನೆನಪಾಯಿತು. ಸೈಕಲ್ ಸ್ಪೋಕು ಒಂದನ್ನು ಅರದಿಂದ ತಿಕ್ಕಿ ತಿಕ್ಕಿ ಆರು ಮೂಲೆ ಮಾಡಿ ಸ್ಕ್ರೂ ಬಿಚ್ಚಿದೆ. ಎಲ್ಲ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಅಂಟಿಸಿದ್ದ ಚೀಟಿಯ ಕೆಳಗೆ ಇನ್ನೊಂದು ಸ್ಕ್ರೂ ಅಡಗಿತ್ತು. ಒಳಗೆ ಕನ್ನಡಿಯಂಥ ಒಂದು ತಟ್ಟೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಮೂಲೆಯಲ್ಲಿ ಒಂದರ ಮೇಲೊಂದು ಎರಡು ಕಬ್ಬಿಣದ ಪಟ್ಟಿ, ಪ್ರತಿ ಪಟ್ಟಿಗೆ ಒಡೆದ ಬಳೆಯ ಚೂರಿನ ಆಕಾರದ ಒಂದು ಬೆಳ್ಳನೆಯ ಬಿಲ್ಲೆ ಅಂಟಿಸಿದ್ದರು. ಇಕ್ಕಳ ಹತ್ತಿರ ಒಯ್ದರೆ ಸಾಕು, ಕೈಯಿಂದ ಕಿತ್ತುಕೊಂಡು ಠಪ್ ಎಂದು ಹೋಗಿ ಕೂತಿತು. ನಾನು ಒಬ್ಬನೇ ನಕ್ಕೆ. ಇಷ್ಟು ಗಟ್ಟಿ ಹಿಡಿತ ಇರುವಾಗ ಸೂಜಿ ಯಾವ ಲೆಕ್ಕ.

ಆದರೆ ಪಟ್ಟಿಯ ಮೂಲೆಗಳು ಮೊಳೆಯಂತೆ ಚೂಪಾಗಿದ್ದವು. ಹಾಗೇ ಆಡಿಸಿದರೆ ಅತ್ತೆಯ ಇಳಕಲ್ ಸೀರೆ ಹರಿದುಹೋಗುತ್ತದೆ. ಬಿಲ್ಲೆಯನ್ನು ಪಟ್ಟಿಯಿಂದ ಬಿಡಿಸಬೇಕು, ಅಂಟು ಬಲವಾಗಿತ್ತು. ನಮ್ಮ ಕುಲುಮೆಯವರಿಗೆ ಒಂದೇ ಮದ್ದು ಗೊತ್ತು. ಬಿಡದಿದ್ದರೆ ಕಾಸು, ಬಗ್ಗದಿದ್ದರೆ ಕಾಸು ಎಂದು ಅಪ್ಪ ಹೇಳುತ್ತಿದ್ದ. ಕೆಂಡ ಮಾಡಿ ಎರಡೂ ಪಟ್ಟಿಗಳನ್ನು ಮೇಲಿಟ್ಟು ಗಾಳಿ ಬಿಟ್ಟೆ. ಅಂಟು ಕರಗಿ ಹೊಗೆ ಬಂತು, ಬಿಲ್ಲೆಗಳು ತಾವಾಗಿಯೇ ಜಾರಿ ಬಂದವು. ನೀರಿಗೆ ಅದ್ದಿ ತಣ್ಣಗೆ ಮಾಡಿ, ಒರೆಸಿ, ಗುಂಡುಪಿನ್ನಿನ ಮೇಲೆ ಹಿಡಿದೆ.

ಪಿನ್ನು ಅಲುಗಲಿಲ್ಲ.

ತಿರುಗಿಸಿ ಹಿಡಿದೆ. ಒಂದಕ್ಕೊಂದು ಹಚ್ಚಿದೆ. ಹಂಚಿನ ಚೂರಿನಂತೆ ಸುಮ್ಮನೆ ಇದ್ದವು. ಮುಂಚಿನ ಗಳಿಗೆಯಲ್ಲಿ ಇಕ್ಕಳವನ್ನು ಕಿತ್ತುಕೊಂಡ ಕಲ್ಲು ಇವೇನಾ ಎಂದು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತೆ. ಇಷ್ಟು ವರ್ಷ ನನ್ನ ಬೆಂಕಿ ಯಾವುದನ್ನೂ ಕೊಂದಿರಲಿಲ್ಲ, ಎಲ್ಲದಕ್ಕೂ ಆಕಾರ ಕೊಟ್ಟಿತ್ತು. ಒಳಗೆ ಕೂಸು ಅಳುತ್ತಿತ್ತು. ಎದ್ದು ಹೊಸ್ತಿಲಿಗೆ ಹೋಗಿ ಕಾಗೆ ಕೂಗಲೂ ಮನಸ್ಸಾಗಲಿಲ್ಲ.

ಮರುದಿನ ಮೊದಲ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೋದೆ. ಗುಜರಿ ಅಂಗಡಿಯ ಹುಡುಗನಂಥ ಯಜಮಾನ ತಂತಿ ಸುಲಿಯುತ್ತ ಕುಳಿತಿದ್ದ. ಸತ್ತ ಬಿಲ್ಲೆಗಳನ್ನು ಅವನ ಮುಂದೆ ಇಟ್ಟು, ನೀನು ಕೊಟ್ಟ ಮಾಲು ಖೊಟ್ಟಿ ಅಂದೆ. ಅವನು ಅದನ್ನು ಎತ್ತಿ, ಕಪ್ಪು ಹಿಡಿದ ಅಂಚು ನೋಡಿದ.

“ಅಜ್ಜಾ, ಬೆಂಕಿಗೆ ಹಾಕಿದ್ರಾ?”

“ಅಂಟು ಬಿಡಬೇಕಲ್ಲೋ.”

“ಇದರ ಜೀವ ಬಿಸಿಗೆ ಹೋಗತೈತಿ. ನೀವು ಕೋಳಿ ಮರೀನ ಬೆಚ್ಚಗ ಇರಲಿ ಅಂತ ಹಂಚಿನ ಮ್ಯಾಲ ಇಟ್ಟಂಗ ಮಾಡೀರಿ.”

ಅವನು ಹೇಳಿದ ಕ್ರಮ ಇಷ್ಟು. ಪಟ್ಟಿಯನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಮೆಲ್ಲಗೆ ಬಗ್ಗಿಸಬೇಕು. ಕಬ್ಬಿಣ ಬಾಗುತ್ತದೆ, ಕಲ್ಲು ಬಾಗುವುದಿಲ್ಲ, ಆದ್ದರಿಂದ ಅಂಟು ತಾನೇ ಬಿಡುತ್ತದೆ. ಹೆಚ್ಚು ಬಗ್ಗಿಸಿದರೆ ಕಲ್ಲು ಬಳೆಯಂತೆ ಒಡೆಯುತ್ತದೆ. ಬಿಟ್ಟ ಮೇಲೆ ಎಳೆಯಬಾರದು, ಪಕ್ಕಕ್ಕೆ ಜಾರಿಸಬೇಕು. ಬೆರಳನ್ನು ನಡುವೆ ಮಾತ್ರ ಇಡಬಾರದು. ಹಾರ್ಡ್‌ಡಿಸ್ಕುಗಳೆಲ್ಲ ಹಿಂದಿನ ವಾರವೇ ಲಾರಿಗೆ ಹೋಗಿದ್ದವು. ಅಂಗಡಿಯಲ್ಲಿ ಉಳಿದದ್ದು ಒಂದೇ, ಅದೂ ಮೇಜಿನ ಕಾಲಿಗೆ ಮಟ್ಟ ಕೊಡಲು ಇಟ್ಟದ್ದು. ಕೂಸಿನ ವಿಷಯ, ಕೌದಿಯ ವಿಷಯ ಎಲ್ಲ ಹೇಳಿದೆ, ನನಗೆ ಹೇಳದೆ ಇರಲು ಆಗುತ್ತಿರಲಿಲ್ಲ. ಅವನು ಮೇಜನ್ನು ಮೊಣಕಾಲಿನಿಂದ ಎತ್ತಿ ಹಿಡಿದು ಅದನ್ನು ಕಿತ್ತು ಕೊಟ್ಟ, ಜಾಗಕ್ಕೆ ಇಟ್ಟಿಗೆ ಚೂರು ಇಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿ ಹಿಡಿದಿದ್ದೆ. ಇದೂ ಹಾಳಾದರೆ ಇನ್ನು ಬೇರೆ ದಾರಿಯಿಲ್ಲ. ಬೀಗರು ಮರುದಿನ ಬರುವವರು.

ಮುಚ್ಚಳ ಬಿಚ್ಚಿದ್ದು ಸುಲಭವಾಯಿತು. ಮೊದಲ ಪಟ್ಟಿಯನ್ನು ವೈಸಿನಲ್ಲಿ ಹಿಡಿದು ಬಗ್ಗಿಸಿದೆ. ಟಿಕ್ ಎಂದಿತು. ನೋಡಿದರೆ ಬಿಲ್ಲೆ ಎರಡು ತುಂಡು. ದೊಡ್ಡ ಸುತ್ತಿಗೆಗೆ ಪಳಗಿದ ಕೈ ನನ್ನದು, ಮೆಲ್ಲಗೆ ಅಂದರೂ ಅದರ ಮೆಲ್ಲಗೆ ಬೇರೆ. ಎರಡನೇ ಪಟ್ಟಿಯನ್ನು ಬಗ್ಗಿಸಲು ಮಗಳನ್ನು ಕರೆದೆ. ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬಾಣಂತಿ ಶೆಡ್ಡಿಗೆ ಬರಬಾರದು ಎಂಬ ತಾಯಿಯ ಕೂಗಿಗೆ ಹೊಸ್ತಿಲ ಹತ್ತಿರವೇ ನಿಂತಳು. ವೈಸನ್ನು ಕಿತ್ತು ಅಲ್ಲಿಗೇ ಹೊತ್ತು ತಂದೆ. ನಾನು ವೈಸು ಹಿಡಿದೆ, ಅವಳು ಅದರ ಹಿಡಿಕೆಯನ್ನು ಒಂದೊಂದು ಕೂದಲಿನಷ್ಟು ತಿರುಗಿಸಿದಳು. ಅಂಟು ಬಿಡುವ ಸದ್ದು ಬಂತು. ಕಲ್ಲು ಇಡಿಯಾಗಿ ಜಾರಿ ಬಂತು.

ಆ ಸಂತೋಷಕ್ಕೆ ಗುಜರಿಯವನ ಕೊನೆಯ ಮಾತು ಮರೆತೆ. ಬಿಲ್ಲೆ ಹಿಡಿದ ಕೈಯನ್ನು ವೈಸಿನ ಮೇಲೆ ಊರಿದೆ. ಅದು ಬೆರಳ ಸಮೇತ ವೈಸಿಗೆ ಹೋಗಿ ಬಡಿಯಿತು. ನಡುಬೆರಳಿನ ಉಗುರು ಅಲ್ಲೇ ಕಪ್ಪಾಯಿತು. ಬಿಡಿಸಿಕೊಳ್ಳಲು ನಾನು ಒದ್ದಾಡುವುದನ್ನು ನೋಡಿ ಮಗಳಿಗೆ ನಗು ತಡೆಯಲಾಗಲಿಲ್ಲ. ನನಗೂ ನೋವಿನಲ್ಲೇ ನಗು ಬಂತು.

ಹೆಂಡತಿ ಅಟ್ಟದಿಂದ ಕೌದಿ ಇಳಿಸಿ ಪಡಸಾಲೆಯಲ್ಲಿ ಹಾಸಿದಳು. ನಾನು ಸ್ನಾನ ಮಾಡಿ ಬಂದು, ಬಿಲ್ಲೆಯನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಒಂದು ಅಂಚಿನಿಂದ ಉತ್ತ ಸಾಲಿನಂತೆ ಎಳೆಯುತ್ತ ಹೋದೆ. ನಡುಭಾಗಕ್ಕೆ ಬಂದಾಗ ಕೈಗೆ ಸಣ್ಣ ಜಗ್ಗು ತಿಳಿಯಿತು. ಎತ್ತಿದೆ, ಕೌದಿಯ ಬಟ್ಟೆ ಇರುವೆ ಗೂಡಿನಂತೆ ಮೇಲೆದ್ದಿತು. ಹೆಂಡತಿ ತಟ್ಟನೆ ಕೆಳಗೆ ಕೈ ಹಾಕಿ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದಳು. ಒಂದು ಹೊಲಿಗೆಯನ್ನೂ ಬಿಚ್ಚದೆ, ದಾರದ ಸಂದಿನಿಂದ ಮೊನೆ ಹೊರಗೆ ಇಣುಕಿತು. ಅವಳು ಹಲ್ಲಿನಲ್ಲಿ ಹಿಡಿದು ಎಳೆದಳು.

ಅದು ಅವಳ ಸೂಜಿಯಲ್ಲ. ಕಂದು ತುಕ್ಕು ಹಿಡಿದ, ಅಗಲ ಕಣ್ಣಿನ, ಹಳೆಯ ಕಾಲದ ಸೂಜಿ. ಕಣ್ಣಿನಲ್ಲಿ ಇನ್ನೂ ಒಂದು ಎಳೆ ಕೆಂಪು ದಾರ.

ಹೆಂಡತಿ ಅದನ್ನು ಅಂಗೈಯಲ್ಲಿಟ್ಟು ನೋಡುತ್ತ ಕುಳಿತಳು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಗೋಡೆಯ ಮೇಲಿನ ನನ್ನ ಅವ್ವನ ಫೋಟೋದ ಕಡೆಗೆ ಕೈ ಚಾಚಿದಳು.

“ಅತ್ತೀ, ತಗೋರಿ. ನಿಮ್ಮ ಸೂಜಿ ಮಾಗಳಕ್ಕ ಹೋಗಿಲ್ಲ. ನಿಮ್ಮ ಕೌದ್ಯಾಗ ಅದ.”

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ಈ ಸೂಜಿಯ ಮೇಲೆ ಮಲಗಿದ್ದೆನಾ ಎಂದು ಕೇಳಿದಳು. ಅದಕ್ಕೇ ನೀನು ಹಿಂಗ ಚುಚ್ಚಿ ಮಾತಾಡೋದು ಅಂದೆ ನಾನು. ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ಕೂಸು ಹುಟ್ಟಿದ ದಿನ ಫೋನಿನಲ್ಲಿ ತಿಳಿಯದಿದ್ದಂತೆಯೇ.

ಆದರೆ ಅವಳ ಸೂಜಿ ಸಿಕ್ಕಿರಲಿಲ್ಲ. ಉದ್ದಕ್ಕೆ ಆಡಿಸಿದೆ, ಅಡ್ಡಕ್ಕೆ ಆಡಿಸಿದೆ, ತಿರುವಿ ಹಾಕಿ ಹಿಂಬದಿಯಿಂದ ಆಡಿಸಿದೆ. ಏನೂ ಜಗ್ಗಲಿಲ್ಲ. ಉಳಿದದ್ದು ರೊಟ್ಟಿ ಇಟ್ಟು ಮುಚ್ಚಿದ ಮೂಲೆಯ ತೇಪೆ ಒಂದೇ. ಅಲ್ಲಿಗೆ ಕೈ ಒಯ್ದರೆ ಹೆಂಡತಿ ನನ್ನ ಮುಂಗೈ ಹಿಡಿದಳು. ಅದು ಕೌದಿಯ ಬಾಯಿ, ಉಣ್ಣುವ ಬಾಯಿಗೆ ಕಬ್ಬಿಣ ತೋರಿಸಬಾರದು ಅಂದಳು.

“ಹಂಗಾರ ಬಾಯಿ ಹೊಲದದ್ದು ಏನಿಂದಬೇ? ಸೂಜಿ ಕಬ್ಬಿಣ ಅಲ್ಲೇನು?” ಅಂದಳು ಮಗಳು.

ಹೆಂಡತಿ ನನ್ನ ಮುಂಗೈ ಬಿಡಲಿಲ್ಲ. ನಾನು ಕಲ್ಲನ್ನು ಹಿಡಿದು ಆ ಮೂಲೆಯ ಪಕ್ಕ ಕುಳಿತೇ ಇದ್ದೆ. ಇಷ್ಟು ದೂರ ಬಂದು ಒಂದು ಅಂಗೈ ಜಾಗದ ಮುಂದೆ ನಿಂತುಬಿಟ್ಟೆವಲ್ಲ ಎನಿಸಿತು. ಅವಳ ನಂಬಿಕೆಯ ಮೇಲೆ ನನ್ನ ಕೈ ಒಯ್ಯಲಾರೆ. ಒಯ್ದು ಸೂಜಿ ಸಿಕ್ಕರೂ ಆ ಕೌದಿಯ ಮೇಲೆ ಅವಳು ಕೂಸನ್ನು ಮಲಗಿಸಲಾರಳು.

ಕೂಸು ಒಳಗೆ ಎಚ್ಚರಾಗಿ ಕುಂಯ್ ಅಂದಿತು. ಹೆಂಡತಿ ಆ ಕಡೆ ನೋಡಿದಳು, ಕೌದಿಯ ಕಡೆ ನೋಡಿದಳು. ಆಮೇಲೆ ನನ್ನ ಮುಂದೆ ಕೈ ಒಡ್ಡಿದಳು.

“ತರ್ರಿ ಇಲ್ಲಿ. ಉಣಿಸಿದಾಕಿ ನಾನು. ಬಾಯಿ ಒರೆಸೋದೂ ನಾನೆ.”

ಕಲ್ಲನ್ನು ತೆಗೆದುಕೊಂಡದ್ದೇ ತಡ, ಅದು ಹಾರಿ ಅವಳ ಕೊರಳಿಗೆ ಹೋಯಿತು. ತಾಳಿಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನುಗಳ ಗೊಂಚಲಿಗೆ ಅಂಟಿಕೊಂಡು ಬಿಡಲೊಲ್ಲದು. ಎಳೆದರೆ ತಾಳಿಯೂ ಬರುತ್ತದೆ. ನಾನು ಹತ್ತಿರ ಹೋಗಿ ಪಕ್ಕಕ್ಕೆ ಜಾರಿಸಿ ಬಿಡಿಸಿದೆ. ಮದುವೆಯಾದಾಗಲೂ ಅಷ್ಟು ಹೊತ್ತು ಅವಳ ತಾಳಿ ಹಿಡಿದು ನಿಂತಿರಲಿಲ್ಲ. ಮಗಳು ಗೋಡೆಗೆ ಮುಖ ಮಾಡಿ ನಗುತ್ತಿದ್ದಳು. ಪಿನ್ನುಗಳನ್ನೆಲ್ಲ ಬಿಚ್ಚಿಟ್ಟು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು, ಅವಳು ಕಲ್ಲನ್ನು ಆ ಮೂಲೆಗೆ ಒಯ್ದಳು. ತೇಪೆ ಮೇಲೆದ್ದಿತು. ಸಣ್ಣ ಸೂಜಿಯ ಮೊನೆ, ಆಮೇಲೆ ಮೈ, ಆಮೇಲೆ ಕಣ್ಣು. ಕಣ್ಣಿನಲ್ಲಿ ಒಣಗಿದ ರೊಟ್ಟಿಯ ಒಂದು ಪುಡಿ ಸಿಕ್ಕಿಕೊಂಡಿತ್ತು.

“ನೋಡ್ರಿ,” ಅಂದಳು ಹೆಂಡತಿ, “ನಾವು ಊರೆಲ್ಲ ಹುಡುಕಿದರ ಇದು ಉಣ್ಣಾಕ ಕುಂತೈತಿ.”

ಮರುದಿನ ತೆಲಿಗಿಯ ಬೀಗರು ಬಂದರು. ಬೀಗಿತ್ತಿ ಕೌದಿಯನ್ನು ಬಿಡಿಸಿದರು, ತಿರುವಿದರು, ಹೊಲಿಗೆಯ ಸಾಲಿನ ಮೇಲೆ ಬೆರಳು ಓಡಿಸಿದರು. ಹೆಂಡತಿ ಒಂದೊಂದು ತೇಪೆಯ ಹೆಸರು ಹೇಳಿದಳು. ಒಳಗಿರುವುದು ನಮ್ಮ ಅತ್ತೆಯ ಕೌದಿ ಎಂದು ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ತೊಟ್ಟಿಲಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿದರು. ಎಲ್ಲರೂ ಹಾಡಲು ಬಾಯಿ ತೆರೆಯುವಷ್ಟರಲ್ಲಿ ಕೂಸು ಕೌದಿಯ ಮೇಲೆ ಉಚ್ಚೆ ಹೊಯ್ದಿತು. ಹೆಂಗಸರೆಲ್ಲ ಗೊಳ್ಳೆಂದರು. ಇನ್ನು ಕೌದಿ ಆಕೆಯದಾಯಿತು, ಯಾರೂ ಕಿತ್ತುಕೊಳ್ಳಲಾರರು ಅಂದರು ಬೀಗಿತ್ತಿ. ನನ್ನ ಕಬ್ಬಿಣದ ಕೈಯನ್ನು ಕೂಸಿನಿಂದ ಮೂರು ಮಾರು ದೂರ ಇಟ್ಟಿದ್ದ ಹೆಂಡತಿ, ಆ ಒದ್ದೆಯನ್ನು ಸೆರಗಿನಿಂದ ಒರೆಸಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ತುಕ್ಕು ಹಿಡಿದ ಸೂಜಿಯನ್ನು ಅವಳು ಅವ್ವನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ್ದಾಳೆ. ಒಡೆದ ಬಿಲ್ಲೆಯ ಎರಡು ತುಂಡುಗಳು ಈಗ ನನ್ನ ಗ್ರೈಂಡರಿನ ಕೆಳಗೆ ಕವರಿನಲ್ಲಿ ಕುಳಿತು ಪುಡಿ ಹಿಡಿಯುತ್ತಿವೆ. ಇಡಿಯಾದ ಕಲ್ಲನ್ನೂ ಶೆಡ್ಡಿಗೆ ಕೊಡು, ವೆಲ್ಡಿಂಗ್ ಮಾಡುವಾಗ ಪಟ್ಟಿ ಹಿಡಿದುಕೊಳ್ಳಲು ಬೇಕು ಎಂದು ಕೇಳಿದೆ. ಕೊಡಲಿಲ್ಲ. ನಿಮ್ಮ ಬೆಂಕಿಯ ಹತ್ತಿರ ಅದನ್ನು ಬಿಡುವುದ್ಯಾರು ಅಂದಳು. ಅದಕ್ಕೆ ತನ್ನ ಹಳೆಯ ರವಿಕೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಒಳಬಾಗಿಲಿನ ಮೊಳೆಗೆ ತೂಗುಹಾಕಿದ್ದಾಳೆ. ಅಂಟಿಕೊಂಡಿತೆಂದರೆ ಅದು ಮೊಳೆಯನ್ನು ಬಿಡುವುದಿಲ್ಲ.

ಸಂಜೆ ಕೆಲಸ ಮುಗಿಸಿ, ಸ್ನಾನ ಮಾಡಿ ಬಂದು ಹೊಸ್ತಿಲಲ್ಲಿ ನಿಲ್ಲುತ್ತೇನೆ. ಅವಳು ಚೀಲವನ್ನು ತೆಗೆದು ನನ್ನ ತಲೆಯಿಂದ ಪಾದದ ತನಕ, ದೃಷ್ಟಿ ತೆಗೆದಂತೆ ಮೂರು ಸಲ ಇಳಿಸುತ್ತಾಳೆ. ತೋಳು ಎತ್ರಿ ಅಂದರೆ ಎತ್ತಬೇಕು, ತಿರುಗ್ರಿ ಅಂದರೆ ತಿರುಗಬೇಕು. ನಾನು ಎರಡೂ ಕೈ ಮೇಲೆ ಮಾಡಿ ನಿಂತಿರುತ್ತೇನೆ, ಬೇರೆ ಏನೂ ಮಾಡುವ ಹಾಗಿಲ್ಲ. ಚೀಲದ ಮೇಲೆ ಎದ್ದು ನಿಂತ ಕಬ್ಬಿಣದ ಕೂದಲನ್ನು ನನಗೆ ತೋರಿಸಿ, ಅಂಗಳದಲ್ಲಿ ಕೊಡವಿ ಬರುತ್ತಾಳೆ. ಆಮೇಲೆ ಒಳಗೆ ಹೋಗಿ ಕೂಸನ್ನು ಕೌದಿಯ ಸಮೇತ ತಂದು, ಮೇಲೆತ್ತಿಯೇ ಇರುವ ನನ್ನ ಕೈಗಳಿಗೆ ಹಾಕುತ್ತಾಳೆ.